ಟರ್ಕಿಯ ವಾಯುರಕ್ಷಣೆ: ಸ್ಟಿಂಗರ್‌ನಿಂದ ಸಿಪೆರ್‌ವರೆಗೆ

ಆಕಾಶದಿಂದ ಬರುವ ದಾಳಿಯನ್ನು ನೆಲದಿಂದಲೋ ಹಡಗಿನಿಂದಲೋ ತಡೆಯುವ ಕ್ಷಿಪಣಿಗಳನ್ನು ಸ್ವಂತವಾಗಿ ವಿನ್ಯಾಸಗೊಳಿಸಿ ತಯಾರಿಸಬಲ್ಲ ದೇಶಗಳು ಜಗತ್ತಿನಲ್ಲಿ ಕೆಲವೇ. ಟರ್ಕಿ ಆ ಸಾಲಿಗೆ ಸೇರಿದ್ದು ತೀರಾ ಇತ್ತೀಚೆಗೆ. 2011ರಲ್ಲಿ ಅದರ ಕೈಯಲ್ಲಿ ಸ್ವದೇಶಿ ಎನ್ನಬಹುದಾದ ಒಂದೇ ಒಂದು ವಿಮಾನ ನಿರೋಧಕ ಕ್ಷಿಪಣಿಯೂ ಇರಲಿಲ್ಲ. ಇಂದು ಸೈನಿಕನ ಹೆಗಲ ಮೇಲಿಂದ ಹಾರುವುದರಿಂದ ಹಿಡಿದು ನೂರು ಕಿಲೋಮೀಟರಿನಾಚೆ ಹೊಡೆಯುವುದರವರೆಗೆ ಇಡೀ ಕುಟುಂಬವೇ ಇದೆ. ಹಡಗುಗಳಿಗೂ ಅದರ ಕವಲುಗಳು ಹಬ್ಬುತ್ತಿವೆ. ಈ ಬೆಳವಣಿಗೆಯ ಹಿಂದೆ ದೊಡ್ಡ ಮುಂದಾಲೋಚನೆಗಿಂತ ಹೆಚ್ಚಾಗಿ ಕೆಲಸ ಮಾಡಿದ್ದು ಬೇರೆಯವರ ನಿರಾಕರಣೆ. ಕೇಳಿದ್ದು ಸಿಗದಾಗ, ಸಿಕ್ಕರೂ ಷರತ್ತು ಜೊತೆಗೆ ಬಂದಾಗ, ಅಂಕಾರ ಒಂದೊಂದನ್ನಾಗಿ ತಾನೇ ಮಾಡಿಕೊಳ್ಳಲು ಹೊರಟಿತು.

ಟರ್ಕಿ ನ್ಯಾಟೋ ಕೂಟ ಸೇರಿದ್ದು 1952ರಲ್ಲಿ. ಶೀತಲ ಸಮರದ ಕಾಲದಲ್ಲಿ ಅದರ ಆಕಾಶವನ್ನು ಕಾದದ್ದು ಮುಖ್ಯವಾಗಿ ಯುದ್ಧವಿಮಾನಗಳು. ನೆಲದ ಮೇಲಿದ್ದದ್ದು ಇಸ್ತಾಂಬುಲ್ ಸುತ್ತಲಿನ ಅಮೆರಿಕದ ನೈಕ್ ಹರ್ಕ್ಯುಲಿಸ್ ಕ್ಷಿಪಣಿಗಳು, ವಾಯುನೆಲೆಗಳ ಬಳಿ ಬ್ರಿಟನ್ನಿನ ರೇಪಿಯರ್, ಮುಂದೆ ಅಮೆರಿಕದ ಹಾಕ್. ಎಲ್ಲವೂ ಕೊಂಡು ತಂದವು.

ಕೊಂಡು ತರುವುದರ ಅಪಾಯ ಮೊದಲು ಗೊತ್ತಾದದ್ದು ಸೈಪ್ರಸ್ ವಿಚಾರದಲ್ಲಿ. 1974ರಲ್ಲಿ ಟರ್ಕಿ ಆ ದ್ವೀಪದಲ್ಲಿ ಸೇನೆ ಇಳಿಸಿತು. ಮರುವರ್ಷ ಅಮೆರಿಕ ಶಸ್ತ್ರಾಸ್ತ್ರ ನಿಷೇಧ ಹೇರಿತು. ಅದು ತೆರವಾದದ್ದು 1978ರಲ್ಲಿ. ಅದೇ ಕಾರ್ಯಾಚರಣೆಯಲ್ಲಿ ಇನ್ನೊಂದು ಅನಾಹುತವೂ ನಡೆದಿತ್ತು. 1974ರ ಜುಲೈ 21ರಂದು ಟರ್ಕಿಯ ವಿಮಾನಗಳು ತಮ್ಮದೇ ನೌಕಾಪಡೆಯ ಕೊಜಾತೆಪೆ ಎಂಬ ವಿಧ್ವಂಸಕ ನೌಕೆಯನ್ನು ಗ್ರೀಸ್‌ನದೆಂದು ಭಾವಿಸಿ ಮುಳುಗಿಸಿದವು. ಎರಡೂ ದೇಶಗಳ ಬಳಿ ಇದ್ದದ್ದು ಅಮೆರಿಕ ಕೊಟ್ಟ ಒಂದೇ ಬಗೆಯ ಹಳೆಯ ಹಡಗುಗಳು. ಮೇಲೆ ಹಾರುತ್ತಿದ್ದವರಿಗೂ ಕೆಳಗೆ ಹಡಗಿನಲ್ಲಿದ್ದವರಿಗೂ ನೆಟ್ಟಗೆ ಸಂಪರ್ಕವಿರಲಿಲ್ಲ. ಸೇನೆಗೆ ಸ್ವಂತ ರೇಡಿಯೋ ಮತ್ತು ಎಲೆಕ್ಟ್ರಾನಿಕ್ಸ್ ಬೇಕೆಂದು 1975ರಲ್ಲಿ ಅಸೆಲ್ಸಾನ್ ಕಂಪನಿ ಹುಟ್ಟಿಕೊಂಡಿತು. ಇಂದು ಟರ್ಕಿಯ ಬಹುತೇಕ ಎಲ್ಲ ವಾಯುರಕ್ಷಣಾ ವ್ಯವಸ್ಥೆಗಳ ಮುಖ್ಯ ಗುತ್ತಿಗೆದಾರ ಅದೇ.

ಕ್ಷಿಪಣಿ ಮಾಡುವ ಕೈ ಬೇರೆಯದು. ಹೆಗಲ ಮೇಲಿಂದ ಹಾರಿಸುವ ಅಮೆರಿಕದ ಸ್ಟಿಂಗರ್ ಕ್ಷಿಪಣಿಯನ್ನು ಯುರೋಪಿನ ಕೆಲವು ದೇಶಗಳು ಒಟ್ಟಾಗಿ ತಯಾರಿಸುವ ಯೋಜನೆಯಲ್ಲಿ ಟರ್ಕಿಯೂ ಪಾಲು ಪಡೆಯಿತು. ಅದಕ್ಕಾಗಿ 1988ರಲ್ಲಿ ಅಂಕಾರದ ಹೊರವಲಯದಲ್ಲಿ ರೊಕೆಟ್ಸಾನ್ ಸ್ಥಾಪನೆಯಾಯಿತು. ಅದರ ಪಾಲಿಗೆ ಬಂದದ್ದು ಮುಖ್ಯವಾಗಿ ರಾಕೆಟ್ ಮೋಟಾರು. ಕ್ಷಿಪಣಿಯ ತಲೆ, ಅಂದರೆ ಗುರಿಯನ್ನು ಹುಡುಕುವ ಭಾಗ, ಹೊರಗಿನವರ ಕೈಯಲ್ಲೇ ಉಳಿಯಿತು. ಆದರೂ ಘನ ಇಂಧನ ಬೆರೆಸುವುದು, ಎರಕ ಹೊಯ್ಯುವುದು, ಮೋಟಾರಿನ ಕವಚ ಮಾಡುವುದು ಒಂದು ತಲೆಮಾರಿನ ಎಂಜಿನಿಯರುಗಳಿಗೆ ಕೈವಶವಾಯಿತು. ಮುಂದಿನದೆಲ್ಲ ನಿಂತಿರುವುದು ಈ ಅಡಿಪಾಯದ ಮೇಲೆ. ಅಸೆಲ್ಸಾನ್ ಅದೇ ಸ್ಟಿಂಗರ್‌ಗಳನ್ನು ವಾಹನಗಳ ಮೇಲೆ ಕೂರಿಸಿತು: ಪಟ್ಟಿ ಗಾಲಿಯ ಎಂ-113ರ ಮೇಲೆ ಎಂಟು ಕ್ಷಿಪಣಿಗಳ ಅತಿಲ್ಗಾನ್, ಲ್ಯಾಂಡ್‌ರೋವರ್ ಮೇಲೆ ನಾಲ್ಕರ ಜಿಪ್ಕಿನ್. ಕ್ಷಿಪಣಿ ಪರರದಾದರೂ ಗುರಿ ಹಿಡಿಯುವ ಕ್ಯಾಮೆರಾ, ತಿರುಗು ಪೀಠ, ಗಣಕ ಎಲ್ಲ ಸ್ವಂತದ್ದು.

ಇಷ್ಟಾದರೂ ಎತ್ತರದಲ್ಲಿ, ದೂರದಿಂದ ಬರುವ ದಾಳಿಗೆ ಸ್ವಂತ ಉತ್ತರವಿರಲಿಲ್ಲ. ನೆರೆಯಲ್ಲಿ ಇರಾಕ್, ಇರಾನ್, ಸಿರಿಯಾ. ಮೂರರ ಬಳಿಯೂ ಬ್ಯಾಲಿಸ್ಟಿಕ್ ಕ್ಷಿಪಣಿಗಳಿದ್ದವು. 1991ರ ಕೊಲ್ಲಿ ಯುದ್ಧದಲ್ಲಿ ಮಿತ್ರರು ಅಮೆರಿಕದ ಪೇಟ್ರಿಯಾಟ್ ಎಂಬ ಕ್ಷಿಪಣಿ ನಿರೋಧಕ ವ್ಯವಸ್ಥೆಗಳನ್ನು ಟರ್ಕಿಗೆ ತಂದು ನಿಲ್ಲಿಸಿದರು. 2003ರಲ್ಲಿ ಇರಾಕ್ ಮೇಲೆ ಮತ್ತೆ ಯುದ್ಧದ ಮೋಡ ಕವಿದಾಗ ಟರ್ಕಿಯ ರಕ್ಷಣೆಗೆ ಯೋಜನೆ ಮಾಡುವುದಕ್ಕೇ ಫ್ರಾನ್ಸ್, ಜರ್ಮನಿ, ಬೆಲ್ಜಿಯಂ ನ್ಯಾಟೋದಲ್ಲಿ ಅಡ್ಡ ನಿಂತವು. ಕೊನೆಗೆ ಡಚ್ಚರ ಪೇಟ್ರಿಯಾಟ್‌ಗಳು ಬಂದವು ನಿಜ, ಆದರೆ ಸಹಾಯ ಬರುವ ಮೊದಲು ವಾದ ಬರುತ್ತದೆ ಎಂಬುದು ಅಂಕಾರಕ್ಕೆ ಮನವರಿಕೆಯಾಯಿತು. 2012ರ ಜೂನ್‌ನಲ್ಲಿ ಸಿರಿಯಾ ಟರ್ಕಿಯ ಆರ್‌ಎಫ್-4 ವಿಮಾನವನ್ನು ಹೊಡೆದುರುಳಿಸಿತು. ಅದಾದ ಮೇಲೆ, 2013ರ ಆರಂಭದಲ್ಲಿ ಅಮೆರಿಕ, ಜರ್ಮನಿ, ನೆದರ್‌ಲ್ಯಾಂಡ್ಸ್ ದಕ್ಷಿಣದ ಗಾಜಿಯಾಂತೆಪ್, ಕಹ್ರಮಾನ್‌ಮರಾಶ್, ಅದಾನಾ ನಗರಗಳಿಗೆ ಪೇಟ್ರಿಯಾಟ್ ಕಳುಹಿಸಿದವು. 2015ರ ಆಗಸ್ಟ್‌ನಲ್ಲಿ ಅಮೆರಿಕ ಮತ್ತು ಜರ್ಮನಿ ಅವನ್ನು ಹಿಂದಕ್ಕೆ ಪಡೆಯುವುದಾಗಿ ಹೇಳಿದವು. ಎರವಲು ತಂದ ಛಾವಣಿ ಎಷ್ಟು ದಿನ ಇರುತ್ತದೆಂದು ಮನೆಯವರು ನಿರ್ಧರಿಸುವಂತಿಲ್ಲ.

ಕೊಳ್ಳುವ ಪ್ರಯತ್ನವೂ ಸುಗಮವಾಗಿರಲಿಲ್ಲ. ದೂರಗಾಮಿ ವ್ಯವಸ್ಥೆಗಾಗಿ ಕರೆದ ಟೆಂಡರಿನಲ್ಲಿ ಅಮೆರಿಕದ ಪೇಟ್ರಿಯಾಟ್, ಫ್ರಾನ್ಸ್–ಇಟಲಿಯ ಸ್ಯಾಂಪ್-ಟಿ, ರಷ್ಯಾದ ಎಸ್-300ವಿಎಂ, ಚೀನಾದ ಎಫ್‌ಡಿ-2000 ಸ್ಪರ್ಧಿಸಿದವು. 2013ರ ಸೆಪ್ಟೆಂಬರ್‌ನಲ್ಲಿ ಟರ್ಕಿ ಸುಮಾರು 3.4 ಬಿಲಿಯನ್ ಡಾಲರಿನ ಚೀನಾದ ಪ್ರಸ್ತಾವವನ್ನು ಆರಿಸಿತು. ಬೆಲೆ ಕಡಿಮೆ, ಜೊತೆಗೆ ತಂತ್ರಜ್ಞಾನ ಹಂಚಿಕೊಳ್ಳುವ ಭರವಸೆ. ಮಿತ್ರರು ಸಿಟ್ಟಾದರು: ಮಾರುವ ಚೀನೀ ಕಂಪನಿಯ ಮೇಲೆ ಅಮೆರಿಕದ ನಿರ್ಬಂಧವಿತ್ತು, ಅದರ ಯಂತ್ರಗಳನ್ನು ನ್ಯಾಟೋ ಜಾಲಕ್ಕೆ ಜೋಡಿಸುವ ಮಾತೇ ಇರಲಿಲ್ಲ. 2015ರ ನವೆಂಬರ್‌ನಲ್ಲಿ ಟರ್ಕಿ ಆ ಆಯ್ಕೆಯನ್ನು ಕೈಬಿಟ್ಟು, ನಾವೇ ಮಾಡುತ್ತೇವೆ ಎಂದಿತು.

ಹಾಗೆ ಹೇಳಿದರೂ ಎರಡೇ ವರ್ಷದಲ್ಲಿ, 2017ರ ಡಿಸೆಂಬರ್‌ನಲ್ಲಿ, ರಷ್ಯಾದ ಎಸ್-400 ಖರೀದಿಗೆ ಸಹಿ ಬಿತ್ತು; ಬೆಲೆ ಸುಮಾರು 2.5 ಬಿಲಿಯನ್ ಡಾಲರ್. 2018ರ ಕೊನೆಗೆ ಅಮೆರಿಕ ಪೇಟ್ರಿಯಾಟ್ ಮಾರಾಟಕ್ಕೆ ಒಪ್ಪಿಗೆ ಕೊಟ್ಟಾಗ ಹೊತ್ತು ಮೀರಿತ್ತು. 2019ರ ಜುಲೈ 12ರಂದು ಮೊದಲ ಬಿಡಿಭಾಗಗಳು ಅಂಕಾರದ ಬಳಿಯ ಮುರ್ತೆದ್ ವಾಯುನೆಲೆಗೆ ಬಂದಿಳಿದವು. ಅದರ ಹಿಂದಿನ ಹೆಸರು ಅಕಿಂಜಿ. 2016ರ ಜುಲೈ ಕ್ಷಿಪ್ರಕ್ರಾಂತಿ ಯತ್ನದ ರಾತ್ರಿ ಬಂಡಾಯಗಾರರು ಕೇಂದ್ರ ಮಾಡಿಕೊಂಡಿದ್ದ ನೆಲೆ. ಅವರ ಎಫ್-16ಗಳು ಅಂದು ಸಂಸತ್ತಿನ ಮೇಲೆಯೇ ಬಾಂಬು ಹಾಕಿದ್ದವು. ಬೆಲೆ ಮತ್ತು ತಂತ್ರಜ್ಞಾನದ ಲೆಕ್ಕದಿಂದಷ್ಟೇ ಎಸ್-400 ಖರೀದಿಯನ್ನು ವಿವರಿಸಲು ಹೊರಟರೆ ಸ್ವಂತ ವಿಮಾನಗಳೇ ಎದುರಾಳಿಗಳಾದ ಆ ರಾತ್ರಿ ಬಿಟ್ಟುಹೋಗುತ್ತದೆ.

ದಂಡ ದೊಡ್ಡದಾಗಿಯೇ ಬಿತ್ತು. ವಾರದೊಳಗೆ ಅಮೆರಿಕ ಟರ್ಕಿಯನ್ನು ಎಫ್-35 ಯೋಜನೆಯಿಂದ ಹೊರಹಾಕಿತು. ನೂರು ವಿಮಾನ ಕೊಳ್ಳಬೇಕಿದ್ದ, ಅದರ ನೂರಾರು ಬಿಡಿಭಾಗ ತಯಾರಿಸುತ್ತಿದ್ದ ದೇಶಕ್ಕೆ ಅದು ಬಲವಾದ ಪೆಟ್ಟು. 2020ರ ಡಿಸೆಂಬರ್‌ನಲ್ಲಿ ಟರ್ಕಿಯ ರಕ್ಷಣಾ ಕೈಗಾರಿಕಾ ಸಂಸ್ಥೆಯ ಮೇಲೆ ಅಮೆರಿಕದ ಕಾಟ್ಸಾ ಎಂಬ ಕಾಯ್ದೆಯ ನಿರ್ಬಂಧಗಳೂ ಬಂದವು. ಭಾರತ 2018ರಲ್ಲಿ ಇದೇ ಎಸ್-400 ಕೊಂಡಿತು, ಆದರೆ ಅದರ ಮೇಲೆ ಅಂಥ ನಿರ್ಬಂಧ ಬೀಳಲಿಲ್ಲ. ಭಾರತ ನ್ಯಾಟೋದ ಸದಸ್ಯನೂ ಅಲ್ಲ, ಎಫ್-35ರ ಪಾಲುದಾರನೂ ಅಲ್ಲ. ಟರ್ಕಿ 2020ರ ಅಕ್ಟೋಬರ್‌ನಲ್ಲಿ ಕಪ್ಪು ಸಮುದ್ರ ದಂಡೆಯ ಸಿನೋಪ್ ಬಳಿ ಎಸ್-400ನ್ನು ಪರೀಕ್ಷೆಗೆ ಹಾರಿಸಿತು. ನ್ಯಾಟೋದ ರಾಡಾರ್ ಜಾಲಕ್ಕೆ ಅದನ್ನು ಜೋಡಿಸುವಂತಿಲ್ಲ. ಇಷ್ಟು ದುಬಾರಿಯಾಗಿ ಕೊಂಡು ಇಷ್ಟು ಕಡಿಮೆ ಬಳಕೆಗೆ ಬಂದ ಆಯುಧ ಅಪರೂಪ.

ಈ ಗದ್ದಲಕ್ಕೆಲ್ಲ ಹೊರತಾಗಿ ಸ್ವದೇಶಿ ಕೆಲಸ 2011ರಲ್ಲೇ ಶುರುವಾಗಿತ್ತು. ಆ ವರ್ಷ ಸಹಿಯಾದ ಹಿಸಾರ್ ಯೋಜನೆಯಲ್ಲಿ ಅಸೆಲ್ಸಾನ್‌ಗೆ ರಾಡಾರ್, ನಿಯಂತ್ರಣ ಮತ್ತು ಕ್ಷಿಪಣಿಯ ಕಣ್ಣು, ರೊಕೆಟ್ಸಾನ್‌ಗೆ ಕ್ಷಿಪಣಿ, ಸರ್ಕಾರಿ ಸಂಶೋಧನಾ ಸಂಸ್ಥೆ ತುಬಿತಾಕ್ ಸಾಗೆಗೆ ಸಿಡಿತಲೆ ಹಂಚಿಕೆಯಾದವು. ಗುರಿ ಎರಡು: ಕಡಿಮೆ ಎತ್ತರಕ್ಕೆ ಹಿಸಾರ್-ಎ, ಮಧ್ಯಮ ಎತ್ತರಕ್ಕೆ ಹಿಸಾರ್-ಒ. ಮೊದಲ ಪರೀಕ್ಷೆಗಳು 2013ರಲ್ಲಿ ಮಧ್ಯ ಅನಟೋಲಿಯಾದ ಅಕ್ಸರಾಯ್ ಪರೀಕ್ಷಾ ಬಯಲಿನಲ್ಲಿ ನಡೆದವು. ಪಡೆಗಳ ಕೈಗೆ ಬಂದದ್ದು 2021ರಲ್ಲಿ. ನಡುವಿನ ವರ್ಷಗಳಲ್ಲಿ ಬೇಡಿಕೆಯೇ ಬದಲಾಗಿ, ಮೊದಲ ಮಾದರಿಗಳ ಜಾಗಕ್ಕೆ ಹೆಚ್ಚು ದೂರ ಹೋಗುವ ಹಿಸಾರ್-ಎ ಪ್ಲಸ್ ಮತ್ತು ಒ ಪ್ಲಸ್ ಬಂದವು. ಮೊದಲನೆಯದು ಸುಮಾರು 15 ಕಿ.ಮೀ. ದೂರದವರೆಗೆ, ಎರಡನೆಯದು ಸುಮಾರು 25 ಕಿ.ಮೀ. ದೂರದವರೆಗೆ ಹೊಡೆಯುತ್ತದೆ.

ಹಿಸಾರ್ ನೆಟ್ಟಗೆ ಮೇಲಕ್ಕೆ ಹಾರುತ್ತದೆ. ಕೊಳವೆಯಿಂದ ಹೊರಬಂದ ಕೂಡಲೇ ಅದರ ವೇಗ ತೀರಾ ಕಡಿಮೆ. ಗಾಳಿಯಲ್ಲಿ ರೆಕ್ಕೆ ತಿರುಗಿಸಿದರೂ ಪ್ರಯೋಜನವಿಲ್ಲ. ಹಾಗಾಗಿ ಮೋಟಾರಿನಿಂದ ಹೊರನುಗ್ಗುವ ಬೆಂಕಿಯ ದಿಕ್ಕನ್ನೇ ತಿರುಗಿಸಿ, ಕ್ಷಿಪಣಿಯನ್ನು ಗುರಿಯ ಕಡೆ ಬಾಗಿಸುತ್ತಾರೆ. ಇದರಿಂದ ಉಡಾವಣಾ ವಾಹನವನ್ನು ಶತ್ರುವಿನ ಕಡೆ ತಿರುಗಿಸುವ ಗೋಜಿಲ್ಲ; ಯಾವ ದಿಕ್ಕಿನಿಂದ ಬಂದರೂ ಒಂದೇ. ಮೋಟಾರಿನಲ್ಲಿ ಇಂಧನ ಎರಡು ಭಾಗವಾಗಿದೆ. ಮೊದಲ ಭಾಗ ಉರಿದು ಕ್ಷಿಪಣಿಯನ್ನು ಎತ್ತರಕ್ಕೆ ಒಯ್ಯುತ್ತದೆ. ಎರಡನೆಯದನ್ನು ಗುರಿಯ ಹತ್ತಿರ ಬೇಕಾದ ಹೊತ್ತಿಗೆ ಹೊತ್ತಿಸುತ್ತಾರೆ. ತಪ್ಪಿಸಿಕೊಳ್ಳಲು ಹೊರಳುವ ವಿಮಾನದ ಬೆನ್ನು ಹತ್ತಲು ಕೊನೆಯ ಕ್ಷಣದಲ್ಲಿ ವೇಗ ಉಳಿದಿರಬೇಕು; ಒಂದೇ ಸಲ ಉರಿದು ಮುಗಿಯುವ ಮೋಟಾರಿನ ಕ್ಷಿಪಣಿಗೆ ಆ ಹೊತ್ತಿಗೆ ಉಸಿರು ಕಟ್ಟಿರುತ್ತದೆ.

ಅರ್ಧ ದಾರಿಯವರೆಗೆ ನೆಲದ ರಾಡಾರ್ ಹೇಳಿದಂತೆ ಹೋಗುವ ಕ್ಷಿಪಣಿ ಆಮೇಲೆ ತನ್ನ ಕಣ್ಣು ತೆರೆಯುತ್ತದೆ. ಹಿಸಾರ್‌ನ ಮೊದಲ ಕಣ್ಣು ಅವಕೆಂಪು ಬಿಂಬ ಮೂಡಿಸುವ ಕ್ಯಾಮೆರಾ. ಹಳೆಯ ಶಾಖಾನ್ವೇಷಿ ಕ್ಷಿಪಣಿಗಳಿಗೆ ಕಾಣುತ್ತಿದ್ದದ್ದು ಒಂದು ಬಿಸಿ ಚುಕ್ಕೆ ಮಾತ್ರ. ವಿಮಾನ ಉದುರಿಸುವ ಉರಿಗುಂಡುಗಳಿಗೆ ಅವು ಸುಲಭವಾಗಿ ಮೋಸಹೋಗುತ್ತಿದ್ದವು. ಬಿಂಬ ಕಾಣುವ ಕಣ್ಣಿಗೆ ವಿಮಾನದ ಆಕಾರವೇ ಕಾಣುತ್ತದೆ. ಅದು ತಾನಾಗಿ ಯಾವ ಅಲೆಯನ್ನೂ ಹೊಮ್ಮಿಸುವುದಿಲ್ಲವಾದ್ದರಿಂದ ಬೆನ್ನಟ್ಟುತ್ತಿರುವುದು ಪೈಲಟ್‌ಗೆ ಗೊತ್ತಾಗುವುದೂ ಕಷ್ಟ. ದಟ್ಟ ಮೋಡ, ಮಂಜು ಇದ್ದರೆ ಮಾತ್ರ ಅದು ಕುರುಡಾಗುತ್ತದೆ. ಹಾಗಾಗಿ ರಾಡಾರ್ ಕಣ್ಣಿನ ಹಿಸಾರ್ ಆರ್‌ಎಫ್ ಎಂಬ ಇನ್ನೊಂದು ಮಾದರಿಯನ್ನೂ ಮಾಡಿದರು. ಕಡಲಿಗೆ ಹೋದದ್ದು ಇದೇ.

ಹೆಗಲ ಮೇಲಿನ ಸ್ಟಿಂಗರ್‌ನ ಜಾಗ ತುಂಬಲು ರೊಕೆಟ್ಸಾನ್ ಮಾಡಿದ್ದು ಸುಂಗುರ್. 2020ರಲ್ಲಿ ಅದನ್ನು ಹೊರಜಗತ್ತಿಗೆ ತೋರಿಸಿದರು. ಸ್ಟಿಂಗರ್ ಐದು ಕಿಲೋಮೀಟರಿನೊಳಗೆ ಹೊಡೆದರೆ ಸುಂಗುರ್ ಎಂಟರವರೆಗೆ ಹೋಗುತ್ತದೆ. ಇದಕ್ಕೂ ಬಿಂಬ ಕಾಣುವ ಕಣ್ಣಿದೆ. 1988ರಲ್ಲಿ ಮುಖ್ಯವಾಗಿ ಮೋಟಾರು ಮಾಡಲು ಹುಟ್ಟಿದ ಕಂಪನಿ ಅದೇ ವರ್ಗದ ಇಡೀ ಕ್ಷಿಪಣಿಯನ್ನು ಮಾಡಲು ಮೂರು ದಶಕ ಹಿಡಿಯಿತು.

ತೀರಾ ಹತ್ತಿರದ ಪದರದಲ್ಲಿ ಕ್ಷಿಪಣಿಯೇ ಬೇಕೆಂದಿಲ್ಲ. ಅಗ್ಗದ ಡ್ರೋನ್ ಒಂದಕ್ಕೆ ದುಬಾರಿ ಕ್ಷಿಪಣಿ ಸುರಿಯುತ್ತಾ ಹೋದರೆ ಮೊದಲು ಬರಿದಾಗುವುದು ಕಾಯುವವನ ಬೊಕ್ಕಸ. ಅಲ್ಲಿಗೆ ಇರುವುದು ಕೊರ್ಕುಟ್: ಪಟ್ಟಿ ಗಾಲಿಯ ವಾಹನದ ಮೇಲೆ ಜೋಡಿ 35 ಮಿ.ಮೀ. ಫಿರಂಗಿ, ನಿಮಿಷಕ್ಕೆ 1,100 ಗುಂಡು. ಮೂರು ಫಿರಂಗಿ ವಾಹನಗಳಿಗೆ ರಾಡಾರ್ ಹೊತ್ತ ಒಂದು ನಿಯಂತ್ರಣ ವಾಹನ. ಇದರ ಜಾಣತನವಿರುವುದು ಗುಂಡಿನಲ್ಲಿ. ಗುಂಡು ಎಲ್ಲಿ, ಯಾವ ಕ್ಷಣದಲ್ಲಿ ಸಿಡಿಯಬೇಕೆಂಬುದು ಹಾರಿಸುವಾಗಲೇ ಲೆಕ್ಕವಾಗಿ ಅದರೊಳಗೆ ದಾಖಲಾಗುತ್ತದೆ. ಗುರಿಯ ಸ್ವಲ್ಪ ಮುಂದೆ ಅದು ಒಡೆದು ಸಣ್ಣ ಲೋಹದ ಕಣಗಳನ್ನು ಚೆಲ್ಲುತ್ತದೆ. ಡ್ರೋನ್ ತಾನಾಗಿ ಆ ಕಣಗಳೊಳಗೆ ನುಗ್ಗುತ್ತದೆ. ಇದೇ ಫಿರಂಗಿಯ ಹಡಗಿನ ರೂಪ ಗೋಕ್‌ದೆನಿಜ್.

ಎಲ್ಲಕ್ಕಿಂತ ಹೊರಗಿನ ಪದರ ಸಿಪೆರ್. ಅದರ ಕೆಲಸ 2018ರಲ್ಲಿ ಶುರುವಾಯಿತು. ಅದೇ ವರ್ಷದ ಜನವರಿಯಲ್ಲಿ ಯುರೋಪಿನ ಯೂರೋಸ್ಯಾಮ್ ಜೊತೆ ಜಂಟಿ ವ್ಯವಸ್ಥೆಯೊಂದರ ಅಧ್ಯಯನಕ್ಕೂ ಸಹಿಯಾಗಿತ್ತು, ಆದರೆ ಅದು ರಾಜಕೀಯದಲ್ಲಿ ಸಿಲುಕಿ ನಿಂತುಹೋಯಿತು. ಸಿಪೆರ್ ಮುಂದೆ ಸಾಗಿತು. ಇಲ್ಲಿಯೂ ಅದೇ ಮೂವರು: ಅಸೆಲ್ಸಾನ್, ರೊಕೆಟ್ಸಾನ್, ತುಬಿತಾಕ್ ಸಾಗೆ. 2021ರಲ್ಲಿ ಸಿನೋಪ್‌ನಿಂದ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು. ಮೊದಲ ಮಾದರಿಯ ವ್ಯಾಪ್ತಿ ನೂರು ಕಿಲೋಮೀಟರಿಗೆ ಮಿಕ್ಕು. ಎರಡನೆಯದಕ್ಕೆ ಇಟ್ಟುಕೊಂಡ ಗುರಿ 150. ಇಷ್ಟು ದೂರಕ್ಕೆ ಕ್ಷಿಪಣಿಗಿಂತ ರಾಡಾರ್ ಕಷ್ಟದ ಕೆಲಸ. ಭೂಮಿ ದುಂಡಗಿರುವುದರಿಂದ ತಗ್ಗಿನಲ್ಲಿ ಹಾರುವ ಕ್ರೂಸ್ ಕ್ಷಿಪಣಿ ಮೂವತ್ತೋ ನಲವತ್ತೋ ಕಿಲೋಮೀಟರಿಗೆ ಬರುವವರೆಗೆ ನೆಲದ ರಾಡಾರಿಗೆ ಕಾಣುವುದೇ ಇಲ್ಲ. ನೂರು ಕಿಲೋಮೀಟರ್ ಎಂಬ ಅಂಕಿ ಎತ್ತರದಲ್ಲಿ ಹಾರುವ ವಿಮಾನದ ಮಟ್ಟಿಗೆ ಮಾತ್ರ ಪೂರ್ತಿ ನಿಜ. ಜಾಹೀರಾತು ಫಲಕಗಳು ಈ ವ್ಯತ್ಯಾಸ ಹೇಳುವುದಿಲ್ಲ.

ಕಡಲಲ್ಲಿ ಹಾದಿ ತಡವಾಗಿ ಶುರುವಾಯಿತು. ಟರ್ಕಿಯ ನೌಕಾಪಡೆ ಅಮೆರಿಕದಿಂದ ಪಡೆದ ಪೆರಿ ವರ್ಗದ ಎಂಟು ಹಳೆಯ ಫ್ರಿಗೇಟ್‌ಗಳು ಅದರ ಮುಖ್ಯ ವಾಯುರಕ್ಷಣಾ ನೌಕೆಗಳಾಗಿದ್ದವು. ಅವುಗಳ ಮೂತಿಯಲ್ಲಿ ಒಂಟಿ ತೋಳಿನ ಉಡಾವಕವಿದೆ. ಕೆಳಗಿನ ಉರುಳೆಯಾಕಾರದ ಉಗ್ರಾಣದಿಂದ ಒಂದು ಎಸ್‌ಎಂ-1 ಕ್ಷಿಪಣಿ ಮೇಲೆ ಬಂದು ತೋಳಿಗೆ ಸೇರುತ್ತದೆ, ತೋಳು ಗುರಿಯ ಕಡೆ ತಿರುಗುತ್ತದೆ, ಹಾರಿಸಿ ಮತ್ತೆ ನೆಟ್ಟಗಾಗುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಏಕಕಾಲಕ್ಕೆ ನಾಲ್ಕು ದಿಕ್ಕಿನಿಂದ ಬರುವ ಕ್ಷಿಪಣಿಗಳ ಎದುರು ಈ ಗತಿ ಸಾಲದು. ಹಾಗಾಗಿ ನಾಲ್ಕು ಹಡಗುಗಳಿಗೆ ಅಮೆರಿಕದ ಎಂಕೆ-41 ಎಂಬ ಲಂಬ ಉಡಾವಕದ ಎಂಟು ಗೂಡುಗಳನ್ನು ಅಳವಡಿಸಿ ಇಎಸ್‌ಎಸ್‌ಎಂ ಎಂಬ ಕ್ಷಿಪಣಿ ತುಂಬಿದರು. ಒಂದು ಗೂಡಿನಲ್ಲಿ ನಾಲ್ಕು ಇಎಸ್‌ಎಸ್‌ಎಂ ಹಿಡಿಸುತ್ತವೆ. ಎಂಟು ಗೂಡಿಗೆ 32.

ಸ್ವಂತ ಹಡಗುಗಳ ಮಿಲ್ಗೆಮ್ ಯೋಜನೆಯಲ್ಲಿ ಮೊದಲು ಬಂದದ್ದು ಅದಾ ವರ್ಗದ ಕಾರ್ವೆಟ್‌ಗಳು. ಮೊದಲ ಹಡಗು ಹೇಬೆಲಿಅದಾ 2011ರಲ್ಲಿ ಸೇವೆಗೆ ಸೇರಿತು. ಹಡಗು ಸ್ವಂತದ್ದಾದರೂ ಅದನ್ನು ಕಾಯುವ 21 ರ‍್ಯಾಮ್ ಕ್ಷಿಪಣಿಗಳು ಅಮೆರಿಕ–ಜರ್ಮನಿಯ ತಯಾರಿಕೆ. ಅದಕ್ಕಿಂತ ದೊಡ್ಡ ಫ್ರಿಗೇಟ್ ಇಸ್ತಾಂಬುಲ್ 2021ರಲ್ಲಿ ನೀರಿಗಿಳಿದಾಗ ಲಂಬ ಉಡಾವಕದ ಪ್ರಶ್ನೆ ಎದುರಾಯಿತು. ನಿರ್ಬಂಧದ ದಿನಗಳು, ಎಂಕೆ-41 ಸಿಗುವ ಖಾತರಿಯಿಲ್ಲ. ರೊಕೆಟ್ಸಾನ್ ಮಿದ್ಲಾಸ್ ಎಂಬ ಉಡಾವಕವನ್ನು ಮಾಡಿತು.

ಉಡಾವಕ ಎಂದರೆ ಬರಿಯ ಪೆಟ್ಟಿಗೆ ಎನಿಸಬಹುದು. ಹಡಗಿನ ಹೊಟ್ಟೆಯೊಳಗೆ ರಾಕೆಟ್ ಮೋಟಾರು ಹೊತ್ತಿಕೊಳ್ಳುತ್ತದೆಂಬುದನ್ನು ನೆನೆದರೆ ಕಷ್ಟ ಅರ್ಥವಾಗುತ್ತದೆ. ಆ ಬಿಸಿ ಅನಿಲ ಪಕ್ಕದ ಗೂಡಿನ ಕ್ಷಿಪಣಿಗೆ ತಾಗದಂತೆ ಕೆಳಗಿಳಿದು, ಬೇರೆ ದಾರಿಯಿಂದ ಮೇಲೆ ಹೊರಹೋಗಬೇಕು. ಹಾರಬೇಕಾದ ಕ್ಷಿಪಣಿ ಹೊತ್ತಿಯೂ ಗೂಡಿನಲ್ಲೇ ಸಿಕ್ಕಿಕೊಂಡರೆ ಹಡಗು ಉಳಿಯಬೇಕು. ಇಸ್ತಾಂಬುಲ್‌ನಲ್ಲಿ ಇಂಥ 16 ಗೂಡುಗಳಿವೆ. 2024ರ ಜನವರಿಯಲ್ಲಿ ಅದು ನೌಕಾಪಡೆಗೆ ಸೇರಿತು. ಅದೇ ವರ್ಷ ಮಿದ್ಲಾಸ್‌ನಿಂದ ಹಿಸಾರ್‌ನ ನೌಕಾ ಮಾದರಿಯಾದ ಹಿಸಾರ್-ಡಿ ಆರ್‌ಎಫ್ ಕ್ಷಿಪಣಿ ಹಾರಿತು. ರ‍್ಯಾಮ್‌ನ ಜಾಗಕ್ಕೂ ಸ್ವದೇಶಿ ಉಮೇದುವಾರರಿದ್ದಾರೆ: ಸುಂಗುರ್ ಬಳಸುವ ರೊಕೆಟ್ಸಾನ್‌ನ ಲೆವೆಂತ್, ವಿಮಾನದಿಂದ ವಿಮಾನಕ್ಕೆ ಹಾರಿಸುವ ಬೊಜ್‌ದೊಆನ್ ಕ್ಷಿಪಣಿಯನ್ನು ಹಡಗಿಗೆ ಒಗ್ಗಿಸಿದ ಗೋಕ್‌ಸುರ್. ಒಂದೇ ಕೆಲಸಕ್ಕೆ ಎರಡು ಆಯುಧ ಬೇಕೇ ಎಂಬ ಪ್ರಶ್ನೆ ಸಹಜ.

ಇಷ್ಟೊಂದು ಬಗೆಯ ಆಯುಧಗಳು ಒಂದೊಂದೂ ತನ್ನ ಪಾಡಿಗೆ ನಿಂತರೆ ಅಪಾಯವೇ. ಒಂದೇ ಡ್ರೋನಿಗೆ ಮೂವರು ಹೊಡೆದಾರು, ಇನ್ನೊಂದಕ್ಕೆ ಯಾರೂ ಹೊಡೆಯದಿದ್ದಾರು, ಅಥವಾ ಕೊಜಾತೆಪೆಯಂತೆ ತಮ್ಮವರನ್ನೇ ಹೊಡೆದಾರು. ಇದಕ್ಕಾಗಿ 2024ರ ಆಗಸ್ಟ್‌ನಲ್ಲಿ ಚೆಲಿಕ್ ಕುಬ್ಬೆ, ಅಂದರೆ ಉಕ್ಕಿನ ಗುಮ್ಮಟ ಎಂಬ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಇದು ಹೊಸ ಕ್ಷಿಪಣಿಯಲ್ಲ. ಇರುವ ರಾಡಾರ್, ಫಿರಂಗಿ, ಕ್ಷಿಪಣಿ, ಜ್ಯಾಮರ್‌ಗಳನ್ನು ಒಂದೇ ಆಕಾಶಚಿತ್ರಕ್ಕೆ ಹೆಣೆಯುವ ಜಾಲ. ಯಾವ ಗುರಿಗೆ ಯಾವ ಆಯುಧ ಎಂದು ಅಳೆದು ಹೇಳುವುದು ಅಸೆಲ್ಸಾನ್‌ನ ಹಾಕಿಮ್ ನಿಯಂತ್ರಣ ವ್ಯವಸ್ಥೆ. 2025ರ ಆಗಸ್ಟ್ 27ರಂದು ಅಂಕಾರದ ಗೋಲ್ಬಾಶಿಯಲ್ಲಿ ಅಧ್ಯಕ್ಷ ಎರ್ದೊಆನ್ ಎದುರು 47 ವಾಹನಗಳು ಸೇನೆಗೆ ಹಸ್ತಾಂತರವಾದವು. ಒಟ್ಟು ಬೆಲೆ 460 ಮಿಲಿಯನ್ ಡಾಲರ್. ಸಿಪೆರ್, ಹಿಸಾರ್, ಕೊರ್ಕುಟ್, ರಾಡಾರ್‌ಗಳು ಎಲ್ಲ ಅದರಲ್ಲಿದ್ದವು. ಮೂರು ಕಡೆ ಸಮುದ್ರವಿರುವ, ಸುಮಾರು 7.8 ಲಕ್ಷ ಚದರ ಕಿಲೋಮೀಟರಿನ ದೇಶಕ್ಕೆ ಇದು ಮೊದಲ ಕಂತು ಮಾತ್ರ.

ತುಂಬದ ಜಾಗವೂ ಇದೆ. ಬ್ಯಾಲಿಸ್ಟಿಕ್ ಕ್ಷಿಪಣಿ ವಾತಾವರಣದ ಮೇಲಿಂದ ಶಬ್ದಕ್ಕಿಂತ ಹಲವು ಪಟ್ಟು ವೇಗದಲ್ಲಿ ಇಳಿಯುತ್ತದೆ. ಅದನ್ನು ತಡೆಯಲು ಹತ್ತಿರ ಹೋಗಿ ಸಿಡಿದರೆ ಸಾಲದು. ನೇರವಾಗಿ ಢಿಕ್ಕಿ ಹೊಡೆಯಬಲ್ಲಷ್ಟು ನಿಖರತೆ ಬೇಕು. ಸಿಪೆರ್‌ನ ಮೊದಲ ಮಾದರಿಗಳು ಮುಖ್ಯವಾಗಿ ವಿಮಾನ ಮತ್ತು ಕ್ರೂಸ್ ಕ್ಷಿಪಣಿಗಳಿಗಾಗಿ ಮಾಡಿದವು. ಆ ಮಟ್ಟಿಗೆ ಟರ್ಕಿ ಇನ್ನೂ ನೋಡುವುದು ನ್ಯಾಟೋದ ಕಡೆಗೇ. ಪೂರ್ವದ ಮಲತ್ಯಾ ಪ್ರಾಂತ್ಯದ ಕುರೆಜಿಕ್‌ನಲ್ಲಿ 2012ರಿಂದ ಅಮೆರಿಕದ ಮುನ್ನೆಚ್ಚರಿಕೆ ರಾಡಾರ್ ನಿಂತಿದೆ. ಕಡಲಲ್ಲಿ ದೂರದ ಪದರ ಬರಬೇಕಿರುವುದು ಟಿಎಫ್-2000 ವಿಧ್ವಂಸಕ ನೌಕೆಯಿಂದ. ಸುಮಾರು 149 ಮೀಟರ್ ಉದ್ದದ ಈ ಹಡಗಿಗೆ 96 ಲಂಬ ಗೂಡುಗಳು ಮತ್ತು ಸಿಪೆರ್‌ನ ನೌಕಾ ಮಾದರಿಯನ್ನು ಯೋಜಿಸಲಾಗಿದೆ. ಅದರ ಮೊದಲ ಉಕ್ಕಿನ ಹಾಳೆಯನ್ನು ಕತ್ತರಿಸಿದ್ದು 2025ರ ಜನವರಿ 2ರಂದು, ಇಸ್ತಾಂಬುಲ್‌ನ ನೌಕಾ ಕಟ್ಟೆಯಲ್ಲಿ.